ಗೆಳತಿಯೂ ಬಂಧುವೇ: ಎಲಿಜಬೆತ್ ಪ್ಯಾಕರ್ಡ್ ಕಥೆಯಲ್ಲಿ ಬಿಟ್ಟುಹೋದವರು

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಎಲಿಜಬೆತ್ ಪ್ಯಾಕರ್ಡ್ ಕುರಿತು ಬಂದ ಲೇಖನವನ್ನು ಓದಿದೆ. ಗಂಡನ ಮಾತೊಂದರ ಮೇಲೆ ಹುಚ್ಚಾಸ್ಪತ್ರೆ ಸೇರಿ, ಮೂರು ವರ್ಷ ಅಲ್ಲಿ ಕಳೆದು, ಹೊರಬಂದ ಮೇಲೆ ಹಲವು ರಾಜ್ಯಗಳ ಕಾನೂನನ್ನೇ ತಿದ್ದಿಸಿದ ಈ ಹೆಣ್ಣುಮಗಳ ಹೆಸರನ್ನು ಕನ್ನಡದ ಓದುಗರಿಗೆ ಪರಿಚಯಿಸಿದ್ದಕ್ಕಾಗಿ ಲೇಖಕರನ್ನೂ ತಮ್ಮನ್ನೂ ಅಭಿನಂದಿಸುತ್ತೇನೆ. ಆದರೆ ಲೇಖನವನ್ನು ಓದಿ ಮುಗಿಸಿದವರಿಗೆ ಆಕೆ ಯಾರ ಹಂಗೂ ಇಲ್ಲದೆ ಒಬ್ಬಳೇ ಹೋರಾಡಿ ಗೆದ್ದಳೆಂಬ ಭಾವನೆ ಉಳಿಯುತ್ತದೆ. ಆಕೆಯನ್ನು ಕಾಪಾಡಿದವರು ಗೆಳತಿಯರು. ಗೋಡೆಯ ಒಳಗಿದ್ದವರು ಕೆಲವರು, ಹೊರಗಿದ್ದವರು ಕೆಲವರು. ಅವರನ್ನು ಬಿಟ್ಟು ಹೇಳಿದರೆ ಕಥೆ ಅರ್ಧವೇ ಆಗುತ್ತದೆ, ಮತ್ತು ಬಿಟ್ಟುಹೋದ ಆ ಅರ್ಧದಲ್ಲಿಯೇ ಇಂದು ನಮ್ಮ ಆಸ್ಪತ್ರೆಗಳಿಗೆ ಸಂಬಂಧಿಸಿದ ಸಂಗತಿಯೊಂದಿದೆ ಎಂಬ ಕಾರಣಕ್ಕೆ ಈ ಪತ್ರವನ್ನು ಬರೆಯುತ್ತಿದ್ದೇನೆ. ತುಸು ದೀರ್ಘವಾದರೆ ಮನ್ನಿಸಬೇಕು.

ಮೊದಲು ಕಾನೂನಿನ ವಿಚಾರ. ಇಲಿನಾಯ್ ರಾಜ್ಯದ 1851ರ ಕಾಯಿದೆಯ ಪ್ರಕಾರ ಬೇರೆ ಯಾರನ್ನಾದರೂ ಹುಚ್ಚಾಸ್ಪತ್ರೆಗೆ ಸೇರಿಸಬೇಕಾದರೆ ಸಾಕ್ಷ್ಯ ಒದಗಿಸಬೇಕಾಗಿತ್ತು; ಮದುವೆಯಾದ ಹೆಂಗಸರಿಗೆ ಮತ್ತು ಅಪ್ರಾಪ್ತ ವಯಸ್ಕರಿಗೆ ಮಾತ್ರ ಆ ರಕ್ಷಣೆ ಇರಲಿಲ್ಲ. ಗಂಡ ಕೇಳಿದರೆ, ಆಸ್ಪತ್ರೆಯ ಮೇಲ್ವಿಚಾರಕ ವೈದ್ಯರು ಒಪ್ಪಿದರೆ, ಅಷ್ಟೇ ಸಾಕಾಗಿತ್ತು. ಎಲಿಜಬೆತ್ ಆರು ಮಕ್ಕಳ ತಾಯಿ. ಗಂಡ ಥಿಯಾಫಿಲಸ್ ಪ್ಯಾಕರ್ಡ್ ಮ್ಯಾಂಟಿನೊ ಎಂಬ ಸಣ್ಣ ಊರಿನ ಕಟ್ಟುನಿಟ್ಟಿನ ಕ್ಯಾಲ್ವಿನ್ ಮತದ ಪಾದ್ರಿ. ಚರ್ಚಿನ ಬೈಬಲ್ ಪಾಠದಲ್ಲಿ ಆಕೆ ಗಂಡನ ಬೋಧನೆಗೆ ವಿರುದ್ಧವಾದ ಅಭಿಪ್ರಾಯಗಳನ್ನು ಎಲ್ಲರೆದುರು ಮಂಡಿಸಿದ್ದೇ ದೊಡ್ಡ ಅಪರಾಧವಾಯಿತು. ಇಬ್ಬರು ವೈದ್ಯರು ಬಂದು ಕೈ ನಾಡಿ ಹಿಡಿದು ನೋಡಿದ್ದೇ ಪರೀಕ್ಷೆ ಎನಿಸಿಕೊಂಡಿತು. 1860ರ ಜೂನ್ 18ರಂದು, ನಡೆದು ಬರಲು ಒಪ್ಪದ ಆಕೆಯನ್ನು ಎತ್ತಿಕೊಂಡೇ ರೈಲಿಗೆ ಹತ್ತಿಸಿ ಜಾಕ್ಸನ್‌ವಿಲ್‌ನ ಸರ್ಕಾರಿ ಆಸ್ಪತ್ರೆಗೆ ಸಾಗಿಸಿದರು. ಇಪ್ಪತ್ತರ ಆಸುಪಾಸಿನಲ್ಲಿ ಜ್ವರ ಬಂದು ಕೆಲವು ವಾರ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಯೊಂದರಲ್ಲಿ ಇದ್ದದ್ದನ್ನೂ ಈಗ ಹುಚ್ಚಿನ ಪುರಾವೆಯೆಂದು ಎತ್ತಿ ಆಡಿದರು. ಒಮ್ಮೆ ಹತ್ತಿದ ಹಣೆಪಟ್ಟಿ ಹೆಣ್ಣಿಗೆ ಜನ್ಮವಿಡೀ ಅಂಟಿಕೊಳ್ಳುತ್ತದೆಂಬುದಕ್ಕೆ ಇಲಿನಾಯ್‌ವರೆಗೆ ಹೋಗಬೇಕಾದದ್ದೇನೂ ಇಲ್ಲ, ಅದು ಬೇರೆ ಮಾತು.

ಜಾಕ್ಸನ್‌ವಿಲ್‌ನಲ್ಲಿ ಆಕೆಯನ್ನು ಮೊದಲು ಇರಿಸಿದ್ದು ಏಳನೆಯ ವಾರ್ಡಿನಲ್ಲಿ. ಅದು ಶಾಂತ ಸ್ವಭಾವದ, ಸ್ಥಿತಿವಂತ ಮನೆಗಳ ಹೆಂಗಸರಿದ್ದ ವಾರ್ಡು. ಮೇಲ್ವಿಚಾರಕ ಡಾ. ಆಂಡ್ರ್ಯೂ ಮೆಕ್‌ಫರ್ಲೆಂಡ್ ಆಕೆಯನ್ನು ಗೌರವದಿಂದಲೇ ನಡೆಸಿಕೊಂಡರು. ಗಾಡಿಯಲ್ಲಿ ತಿರುಗಾಡಲು ಕಳಿಸಿದ್ದೂ ಉಂಟು. ನನ್ನ ದೃಷ್ಟಿಯಲ್ಲಿ ಆಕೆಯ ನಿಜವಾದ ಪರೀಕ್ಷೆ ಆರಂಭವಾದದ್ದು ಇಲ್ಲಿಯೇ. ಬಾಯಿ ಮುಚ್ಚಿಕೊಂಡು ವೈದ್ಯರ ಮೆಚ್ಚುಗೆ ಉಳಿಸಿಕೊಂಡಿದ್ದರೆ ಆಕೆಗೆ ಆ ಸೌಕರ್ಯಗಳೂ ಉಳಿಯುತ್ತಿದ್ದವು, ಬಿಡುಗಡೆಯೂ ಬೇಗ ಆಗುತ್ತಿತ್ತೋ ಏನೋ. ಆದರೆ ಜೊತೆಯ ಹೆಂಗಸರನ್ನು ಅಲ್ಲಿ ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಕಂಡ ಮೇಲೆ ಆಕೆ ಕೆಲವೇ ತಿಂಗಳಲ್ಲಿ ಮೆಕ್‌ಫರ್ಲೆಂಡ್‌ರಿಗೆ ಒಂದು ಲಿಖಿತ ಆಕ್ಷೇಪಣೆಯನ್ನು ಕೊಟ್ಟರು. ತಿದ್ದಿಕೊಳ್ಳದಿದ್ದರೆ ಹೊರಗೆ ಹೋದ ದಿನ ಇದೆಲ್ಲವನ್ನೂ ಬಯಲಿಗೆ ಎಳೆಯುತ್ತೇನೆಂದು ಅದರಲ್ಲಿ ಎಚ್ಚರಿಸಿದ್ದರು. ಆಮೇಲೆ ತಡವಾಗಲಿಲ್ಲ. ಆಕೆಯನ್ನು ಎಂಟನೆಯ ವಾರ್ಡಿಗೆ, ತೀವ್ರ ಕಾಯಿಲೆಯಿಂದ ನರಳುತ್ತಿದ್ದವರ ನಡುವೆ, ತಳ್ಳಲಾಯಿತು.

ಎಂಟನೆಯ ವಾರ್ಡಿನಲ್ಲಿ ಆಕೆ ಮಾಡಿದ್ದನ್ನು ತಮ್ಮ ಲೇಖನ ಒಂದು ಸಾಲಿನಲ್ಲಿ ಮುಗಿಸಿದೆ. ಅಲ್ಲಿ ಹಾಸಿಗೆಗಳು ಮಲಮೂತ್ರದಿಂದ ನಾರುತ್ತಿದ್ದವು. ಎಷ್ಟೋ ಹೆಂಗಸರು ಮೈ ತೊಳೆದು ಎಷ್ಟು ಕಾಲವಾಗಿತ್ತೋ ಹೇಳುವವರೇ ಇರಲಿಲ್ಲ. ಆಕೆ ನೀರು, ಸೋಪು, ಟವೆಲ್ ಕೇಳಿ ಪಡೆದು, ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗಿ ಮೈ ಒರೆಸಿ, ತಲೆ ತೊಳೆದು, ಸಿಕ್ಕುಗಟ್ಟಿದ ಕೂದಲನ್ನು ಬಿಡಿಸಿ ಬಾಚಿದರು. ಅವರಲ್ಲಿ ಕೆಲವರು ಇದ್ದಕ್ಕಿದ್ದಂತೆ ಮೇಲೆ ಬಿದ್ದು ಹೊಡೆಯುವವರೂ ಆಗಿದ್ದರು. ನನಗೆ ಮುಖ್ಯವಾಗಿ ಕಾಣುವ ಅಂಶವಿದು: 'ನಾನು ಹುಚ್ಚಿಯಲ್ಲ, ನನ್ನನ್ನು ಇವರ ಜೊತೆ ಯಾಕೆ ಹಾಕಿದಿರಿ' ಎಂದು ವಾದಿಸುವುದೇ ಆಕೆಯ ಹೋರಾಟದ ತಿರುಳಾಗಿತ್ತು, ಮತ್ತು ಹಾಗೆ ವಾದಿಸುವವರು ಪಕ್ಕದ ಮಂಚದಲ್ಲಿ ನಿಜಕ್ಕೂ ಮನಸ್ಸು ಕೆಟ್ಟು ಮಲಗಿರುವವರಿಂದ ಮುಖ ತಿರುಗಿಸಿಕೊಳ್ಳುವುದು ಬಹಳ ಸುಲಭ. ಆಕೆಯ ಬರವಣಿಗೆಯಲ್ಲಿಯೂ ಇಂಥ ಗೆರೆ ಎಳೆಯುವ ಸಾಲುಗಳು ಅಲ್ಲಲ್ಲಿ ಬರುತ್ತವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಕೈಯಲ್ಲಿ ಮಾಡಿದ ಕೆಲಸ ಬೇರೆಯೇ ಮಾತನ್ನು ಹೇಳುತ್ತದೆ. ಹೊರಗೆ ಹೋಗಿ ತನ್ನ ಪರ ಸಾಕ್ಷಿ ಹೇಳಲು ಎಂದೂ ಸಾಧ್ಯವಾಗದ, ತನಗೆ ಯಾವ ಪ್ರತಿಫಲವನ್ನೂ ಕೊಡಲಾರದ ಹೆಂಗಸರ ತಲೆ ಬಾಚಿದವಳಿಗೆ ನಿಷ್ಠೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಒಳಗಿದ್ದವರ ಸ್ನೇಹ ಎಂಥ ಅಪಾಯದ ನಡುವೆ ಬೆಳೆಯಿತೆಂಬುದನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಪತ್ರಗಳನ್ನು ಆಸ್ಪತ್ರೆಯವರು ಒಡೆದು ಓದುತ್ತಿದ್ದರು, ಬೇಡವೆನಿಸಿದ್ದನ್ನು ತಡೆಹಿಡಿಯುತ್ತಿದ್ದರು. ಎಲಿಜಬೆತ್ ಗುಟ್ಟಾಗಿ ದಿನಚರಿ ಬರೆಯುತ್ತಿದ್ದರು. ಆಕ್ಷೇಪಣೆಯ ಪ್ರತಿಯನ್ನು ಕನ್ನಡಿಯ ಗಾಜಿಗೂ ಹಿಂಬದಿಯ ಹಲಗೆಗೂ ನಡುವೆ ಅಡಗಿಸಿಟ್ಟಿದ್ದರು. ಹತ್ತಾರು ಜನ ಒಟ್ಟಿಗೆ ಇರುವ ವಾರ್ಡಿನಲ್ಲಿ, ಆಯಾಗಳು ಹಗಲೂ ರಾತ್ರಿ ಓಡಾಡುವ ಜಾಗದಲ್ಲಿ, ಇಂಥದ್ದು ಮೂರು ವರ್ಷ ಬಯಲಾಗದೆ ಉಳಿಯಬೇಕಾದರೆ ಕಂಡೂ ಕಾಣದಂತೆ ಇದ್ದವರು ಎಷ್ಟು ಮಂದಿ ಇದ್ದಿರಬೇಕು! ಆಕೆಯ ಜೊತೆ ಸಲಿಗೆಯಿಂದ ಇರುವುದೇ ವೈದ್ಯರ ಕಣ್ಣಲ್ಲಿ ತಪ್ಪಾಗಿತ್ತು. ವಿಧೇಯತೆಯೇ ಗುಣವಾಗುತ್ತಿರುವ ಲಕ್ಷಣವೆಂದು ನಂಬಿದ್ದ ಆ ಕಾಲದಲ್ಲಿ ಮೇಲ್ವಿಚಾರಕರ ಅವಕೃಪೆಗೆ ಒಳಗಾಗುವುದೆಂದರೆ ಮನೆಗೆ ಮರಳುವ ದಾರಿಯನ್ನು ತಾನೇ ಮುಚ್ಚಿಕೊಂಡಂತೆ. 1862ರಲ್ಲಿ ಅಲ್ಲಿಗೆ ಬಂದ ಸೋಫಿಯಾ ಓಲ್ಸೆನ್ ಎಂಬಾಕೆ ಇದೆಲ್ಲ ತಿಳಿದೂ ಆಕೆಯ ಗೆಳತಿಯಾದರು. ಓಲ್ಸೆನ್ ಅಲ್ಲಿ ಇದ್ದದ್ದು ಒಂದು ವರ್ಷ. ಅತ್ಯಂತ ಕೆಟ್ಟದ್ದೆಂದು ಹೆಸರಾಗಿದ್ದ ಐದನೆಯ ವಾರ್ಡನ್ನೂ ಅವರು ಕಂಡುಬಂದರು. ಅಲ್ಲಿಂದ ಬಿಡುಗಡೆಯಾದ ಮೇಲೆ ಸುಮ್ಮನಿದ್ದು ಬಿಟ್ಟರೆ ಹಳೆಯದನ್ನು ಜನ ಮರೆಯುತ್ತಾರೆ ಎಂದುಕೊಂಡು ಬದುಕುವುದು ಯಾರಿಗಾದರೂ ಸಹಜ. ಓಲ್ಸೆನ್ ಹಾಗೆ ಮಾಡಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ನಿಷ್ಠೆ ತಪ್ಪಿದವರೂ ಇದ್ದರು. ಅದರಲ್ಲಿ ಮೆಕ್‌ಫರ್ಲೆಂಡ್‌ರ ಪ್ರಕರಣ ಸರಳವಾದದ್ದಲ್ಲ. ಆಕೆ ಅವರನ್ನು ಖಂಡಿಸಿದರೂ ಅವರ ಮೇಲಿನ ನಂಬಿಕೆಯನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ಕೊನೆಯ ವರ್ಷ ಅವರ ಅನುಮತಿಯಿಂದಲೇ ದೊಡ್ಡದೊಂದು ಗ್ರಂಥವನ್ನು ಬರೆಯುತ್ತಿದ್ದರು, ಒಮ್ಮೆ ಅವರಿಗೆ ಒಲವಿನ ಮಾತುಗಳಿದ್ದ ಪತ್ರವನ್ನೂ ಬರೆದಿದ್ದರು. ತನ್ನ ಬಿಡುಗಡೆ ಯಾರ ಕೈಯಲ್ಲಿದೆಯೋ ಅವನನ್ನೇ ಆಪ್ತನೆಂದು ನಂಬಬೇಕಾಗಿ ಬಂದ ಕೈದಿಯ ಮನಸ್ಸನ್ನು ಹೊರಗೆ ಆರಾಮವಾಗಿ ಕುಳಿತವರು ಅಳೆಯಬಾರದು. ವರ್ಷಗಳ ನಂತರ ಶಾಸನಸಭೆಯ ಸಮಿತಿ ಆಸ್ಪತ್ರೆಯ ಕುರಿತು ವಿಚಾರಣೆ ನಡೆಸಿದಾಗ ಆ ಖಾಸಗಿ ಪತ್ರವನ್ನೇ ಆಕೆಯ ವಿರುದ್ಧ ಹೊರತೆಗೆದು ಓದಿಸಿದರು. ರೋಗಿಯ ಗುಟ್ಟನ್ನು ಕಾಯಬೇಕಾದ ವೈದ್ಯರ ಕಡೆಯಿಂದ ಅದು ನಡೆಯಿತೆಂಬುದನ್ನು ತಮ್ಮ ಲೇಖನವೂ ಹೇಳಬೇಕಾಗಿತ್ತು.

1863ರ ಜೂನ್‌ನಲ್ಲಿ ಗುಣವಾಗದ ಕಾಯಿಲೆಯವಳೆಂಬ ಷರಾದೊಡನೆ ಆಕೆಯನ್ನು ಹೊರಗೆ ಕಳಿಸಿದರು. ಕೆಲವು ತಿಂಗಳು ಕಳೆದು ಮಕ್ಕಳಿಗಾಗಿ ಮ್ಯಾಂಟಿನೊ ಮನೆಗೆ ಹಿಂದಿರುಗಿದಾಗ ಗಂಡ ಆಕೆಯನ್ನು ಮಕ್ಕಳ ಕೋಣೆಯೊಂದರಲ್ಲಿ ಕೂಡಿಹಾಕಿ, ಹೊರಗಿನಿಂದ ಬೀಗ ಹಾಕಿ, ಕಿಟಕಿಗೆ ಮೊಳೆ ಹೊಡೆಸಿದ. ಮ್ಯಾಸಚೂಸೆಟ್ಸ್‌ನ ಮತ್ತೊಂದು ಹುಚ್ಚಾಸ್ಪತ್ರೆಗೆ ಸಾಗಿಸುವ ಸಿದ್ಧತೆಯೂ ಒಳಗೊಳಗೇ ನಡೆದಿತ್ತು. ಆಗ ಕಿಟಕಿಯ ಸಂದಿಯಿಂದ ಆಕೆ ಹೊರಗೆ ಹಾಕಿದ ಒಂದು ಚೀಟಿ ನೆರೆಯ ಗೆಳತಿ ಸಾರಾ ಹ್ಯಾಸ್ಲೆಟ್ ಅವರ ಕೈ ಸೇರಿತು. ಗಂಡಹೆಂಡಿರ ಜಗಳ, ನಮಗೇಕೆ ಎಂದು ಹ್ಯಾಸ್ಲೆಟ್ ಆ ಚೀಟಿಯನ್ನು ಒಲೆಗೆ ಹಾಕಬಹುದಾಗಿತ್ತು; ಎದುರಿಗಿದ್ದವನು ಊರಿನ ಪಾದ್ರಿ, ಚರ್ಚಿನ ಹಿರಿಯರು ಅವನ ಬೆನ್ನಿಗಿದ್ದರು. ಚೀಟಿಯ ಸುದ್ದಿ ನ್ಯಾಯಾಧೀಶ ಚಾರ್ಲ್ಸ್ ಸ್ಟಾರ್ ಅವರನ್ನು ತಲುಪಿ, ಅವರು ಹೇಬಿಯಸ್ ಕಾರ್ಪಸ್ ಆದೇಶ, ಅಂದರೆ ಕೂಡಿಹಾಕಿದವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂಬ ಆದೇಶ, ಹೊರಡಿಸಿದರು. 1864ರ ಜನವರಿಯಲ್ಲಿ ಕ್ಯಾಂಕಕೀ ಊರಿನ ನ್ಯಾಯಾಲಯದಲ್ಲಿ ಆಕೆಗೆ ಹುಚ್ಚು ಹಿಡಿದಿದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಯ ಮೇಲೆ ವಿಚಾರಣೆ ನಡೆಯಿತು.

ಆ ವಿಚಾರಣೆಯ ವರದಿಯನ್ನು ಓದುವಾಗ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ. ಗಂಡನ ಕಡೆಯ ವೈದ್ಯರೊಬ್ಬರು ತಾವು ವೈದ್ಯರೆಂಬುದನ್ನು ಮರೆಮಾಚಿ, ಹೊಲಿಗೆ ಯಂತ್ರ ಮಾರುವವರಂತೆ ಮನೆಗೆ ಹೋಗಿ ಆಕೆಯನ್ನು ಮಾತಿಗೆಳೆದಿದ್ದರು. ಆಕೆ ಹುಚ್ಚಿಯೆನ್ನಲು ಅವರು ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದು, ತನ್ನನ್ನು ಹುಚ್ಚಿಯೆಂದು ಕರೆದರೆ ಆಕೆಗೆ ಸಿಟ್ಟು ಬರುತ್ತದೆಂಬುದು! ಗಂಡನ ತಂಗಿ, ಹಿಂದೆ ಮನೆಗೆ ಬಂದುಹೋಗುತ್ತಿದ್ದ ಹೆಣ್ಣುಮಕ್ಕಳು ಆಕೆಯ ವಿರುದ್ಧ ಸಾಕ್ಷಿ ನುಡಿದರು. ಹೆಂಗಸಾದ ಮಾತ್ರಕ್ಕೆ ಹೆಂಗಸಿನ ಪರ ನಿಲ್ಲುತ್ತಾಳೆಂಬ ಭ್ರಮೆ ನನಗೂ ಇಲ್ಲ. ಆದರೆ ಬ್ಲೆಸಿಂಗ್ ದಂಪತಿ, ಹ್ಯಾಸ್ಲೆಟ್ ದಂಪತಿ ಮೊದಲಾದ ನೆರೆಹೊರೆಯವರು ಪಾದ್ರಿಯ ಮುಖ ನೋಡದೆ ಆಕೆಯ ಪರ ನಿಂತರು. ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ಮಂಡಳಿ, ಏಳು ನಿಮಿಷ ತೆಗೆದುಕೊಂಡು ಆಕೆಯ ಬುದ್ಧಿ ಸ್ವಸ್ಥವಾಗಿದೆಯೆಂದು ತೀರ್ಪಿತ್ತಾಗ ನ್ಯಾಯಾಲಯದಲ್ಲಿ ಕಿಕ್ಕಿರಿದಿದ್ದ ಹೆಂಗಸರು ಕರವಸ್ತ್ರ ಬೀಸುತ್ತ ಆಕೆಯನ್ನು ಸುತ್ತುವರಿದರೆಂದು ದಾಖಲೆಯಿದೆ. ಅಷ್ಟು ಹೊತ್ತಿಗೆ ಗಂಡ ಮಕ್ಕಳನ್ನು ಕರೆದುಕೊಂಡು ರಾಜ್ಯ ಬಿಟ್ಟಿದ್ದ. ಗೆದ್ದವಳಿಗೆ ಮನೆಯಿಲ್ಲ, ಹಣವಿಲ್ಲ, ಮಕ್ಕಳೂ ಇಲ್ಲ.

ಇಲ್ಲಿಂದ ಮುಂದಿನದನ್ನು ತಮ್ಮ ಲೇಖನ ಆಕೆಯ ವೈಯಕ್ತಿಕ ಯಶಸ್ಸಿನ ಪಟ್ಟಿಯಾಗಿ ಕೊಟ್ಟಿದೆ. ನಾನು ಅದನ್ನು ಒಳಗೆ ಉಳಿದವರಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ಕಥೆಯಾಗಿ ಓದುತ್ತೇನೆ. ಇನ್ನೂ ಅಚ್ಚಾಗದ ಪುಸ್ತಕಕ್ಕೆ ಮುಂಗಡ ಟಿಕೆಟ್ ಮಾರಿ, ಬಂದ ಹಣದಲ್ಲಿ ಅಚ್ಚು ಹಾಕಿಸಿ, ಊರೂರು ಅಲೆದು, ಶಾಸನಸಭೆಗಳ ಬಾಗಿಲು ತಟ್ಟಿದರು. 1867ರಲ್ಲಿ ಇಲಿನಾಯ್‌ನಲ್ಲಿ ಜ್ಯೂರಿಯ ವಿಚಾರಣೆಯಿಲ್ಲದೆ ಯಾರನ್ನೂ ಹುಚ್ಚಾಸ್ಪತ್ರೆಗೆ ಸೇರಿಸಕೂಡದೆಂಬ ಬಿಗಿಯಾದ ಕಾಯಿದೆ ಬಂತು. ಜಾಕ್ಸನ್‌ವಿಲ್ ಆಸ್ಪತ್ರೆಯ ತನಿಖೆಗೆ ಜನರಲ್ ಫುಲ್ಲರ್ ನೇತೃತ್ವದ ಸಮಿತಿಯೂ ನೇಮಕವಾಯಿತು. ಆ ಸಮಿತಿ ಮೆಕ್‌ಫರ್ಲೆಂಡ್‌ರನ್ನು ತೆಗೆಯಬೇಕೆಂದು ಶಿಫಾರಸು ಮಾಡಿದರೂ ಆಸ್ಪತ್ರೆಯ ಆಡಳಿತ ಮಂಡಳಿ ಅವರ ಪರವಾಗಿಯೇ ನಿಂತಿತು. ಅವರು 1870ರಲ್ಲಿ ತಾವಾಗಿ ಹುದ್ದೆ ಬಿಟ್ಟರು. 1868ರಲ್ಲಿ ಎಲಿಜಬೆತ್ ಆಸ್ಪತ್ರೆಯ ಒಳಗಿನ ಬದುಕಿನ ಬಗ್ಗೆ ಹೊರತಂದ ಪುಸ್ತಕದಲ್ಲಿ ಸೋಫಿಯಾ ಓಲ್ಸೆನ್ ಬರೆದ ತಮ್ಮ ಒಂದು ವರ್ಷದ ಸೆರೆವಾಸದ ಕಥನವೂ, ಮಿನಾರ್ಡ್, ಶೆಡ್, ಯೇಟ್ಸ್, ಲೇಕ್ ಎಂಬ ಹೆಂಗಸರ ಹೇಳಿಕೆಗಳೂ ಸೇರಿವೆ. ಹುಚ್ಚಾಸ್ಪತ್ರೆಯಲ್ಲಿ ಇದ್ದವಳೆಂದು ತನ್ನ ಹೆಸರನ್ನು ತಾನೇ ಅಚ್ಚಿನಲ್ಲಿ ಹಾಕಿಸಿಕೊಳ್ಳುವುದೆಂದರೆ ಆ ಕಾಲದಲ್ಲಿ ಏನೆಂಬುದನ್ನು ಯೋಚಿಸಿ. ಮೇಲ್ವಿಚಾರಕರು 'ಇದು ಹುಚ್ಚಿಯೊಬ್ಬಳ ಕಲ್ಪನೆ' ಎಂದು ತಳ್ಳಿಹಾಕುತ್ತಿದ್ದಾಗ ಆಕೆಯ ಒಂದು ದನಿಗೆ ಐದು ದನಿ ಸೇರಿದ್ದರಿಂದಲೇ ಅದಕ್ಕೆ ಸಾಕ್ಷ್ಯದ ತೂಕ ಬಂತು.

ಐಯೊವಾ ರಾಜ್ಯದ 1872ರ ಕಾಯಿದೆ ನನಗೆ ಇನ್ನೂ ಇಷ್ಟವಾದದ್ದು. ಆಸ್ಪತ್ರೆಗಳಿಗೆ ಭೇಟಿ ಕೊಡಲು ಮೂವರ ಸಮಿತಿ, ಅದರಲ್ಲಿ ಒಬ್ಬರಾದರೂ ಹೆಂಗಸಿರಬೇಕು. ಸಮಿತಿಯವರ ಹೆಸರು ವಿಳಾಸಗಳನ್ನು ಪ್ರತಿ ವಾರ್ಡಿನಲ್ಲೂ ತೂಗುಹಾಕಬೇಕು. ಅವರಿಗೆ ರೋಗಿಗಳು ಬರೆಯುವ ಪತ್ರವನ್ನು ಆಸ್ಪತ್ರೆಯವರು ಒಡೆಯಕೂಡದು. ತಡೆಹಿಡಿದ ಪತ್ರಗಳ ನೋವನ್ನು ಉಂಡವರಿಗೆ ಮಾತ್ರ ಹೊಳೆಯುವ ಏರ್ಪಾಡು ಇದು. ಜ್ಯೂರಿಯ ಕಾಯಿದೆಯನ್ನು ವೈದ್ಯರು ಬಹುಕಾಲ ವಿರೋಧಿಸಿದರು. ಕಾಯಿಲೆಯವರನ್ನು ಅಪರಾಧಿಗಳಂತೆ ನ್ಯಾಯಾಲಯದ ಕಟಕಟೆಗೆ ತರುವುದು ಕ್ರೌರ್ಯವೆಂಬ ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಪತ್ರದ ಹಕ್ಕಿನಿಂದ ಯಾವ ರೋಗಿಗೆ ಯಾವ ಕೇಡಾಗುತ್ತದೆಂದು ಯಾರಾದರೂ ಹೇಳಲಿ ನೋಡೋಣ.

ಇನ್ನು ನಮ್ಮಲ್ಲಿನ ಸಂಗತಿ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಎಷ್ಟೋ ವಿಷಯಗಳಲ್ಲಿ ಉದಾರವಾದದ್ದು. ಅದರ 26ನೆಯ ಕಲಮು ದಾಖಲಾದವರಿಗೆ ಭೇಟಿ, ದೂರವಾಣಿ, ಇಮೇಲ್‌ನ ಹಕ್ಕನ್ನು ಕೊಡುತ್ತದೆ. 19ನೆಯ ಕಲಮಿನ ಪ್ರಕಾರ ಮನೆಯವರು ಕರೆದುಕೊಳ್ಳುವುದಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ನಾನು ವಿಶೇಷವಾಗಿ ಗಮನ ಸೆಳೆಯಬಯಸುವುದು 14ನೆಯ ಕಲಮಿನ ಕಡೆಗೆ. ವಯಸ್ಕರಾದ ಯಾರೇ ಆಗಲಿ ತಮ್ಮ ಪರವಾಗಿ ನಿಲ್ಲುವ ಒಬ್ಬ ಪ್ರತಿನಿಧಿಯನ್ನು ಹೆಸರಿಸಬಹುದು. ಆ ಪ್ರತಿನಿಧಿ ರಕ್ತ ಸಂಬಂಧಿಯೇ ಆಗಿರಬೇಕೆಂದಿಲ್ಲ. ವಯಸ್ಕರಾಗಿದ್ದು, ಹೊಣೆ ಹೊರಲು ಸಮರ್ಥರಾಗಿದ್ದು, ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟರೆ ಸಾಕು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಅಥವಾ ಹೆಬ್ಬೆಟ್ಟು ಒತ್ತಿದರೆ ಆಯಿತು. ಛಾಪಾ ಕಾಗದವೂ ಬೇಡ. ಚಿಕಿತ್ಸೆಯ ವಿವರ ಕೇಳಿ ತಿಳಿಯುವುದು, ಬಿಡುಗಡೆಯ ಯೋಜನೆಯಲ್ಲಿ ಭಾಗಿಯಾಗುವುದು, ಹಕ್ಕಿಗೆ ಚ್ಯುತಿ ಬಂದರೆ ಈ ಕಾಯಿದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡುವುದು ಇವೆಲ್ಲ ಆ ಪ್ರತಿನಿಧಿಯ ಕೆಲಸ. ಯಾರನ್ನೂ ಹೆಸರಿಸದೆ ಹೋದರೆ ಮಾತ್ರ ಆ ಸ್ಥಾನ ಮೊದಲು ಸಂಬಂಧಿಕರಿಗೆ ಹೋಗುತ್ತದೆ. ಅಂದರೆ ಗೆಳತಿಯನ್ನು ಬಂಧುವಿನ ಸ್ಥಾನದಲ್ಲಿ ಕೂರಿಸುವ ಅಧಿಕಾರವನ್ನು ಕಾನೂನು ನಮ್ಮ ಕೈಗೇ ಕೊಟ್ಟಿದೆ.

ಕಾನೂನು ಕೊಟ್ಟದ್ದು ಆಸ್ಪತ್ರೆಯ ಕೌಂಟರಿಗೆ ಇನ್ನೂ ತಲುಪಿಲ್ಲ. ನನ್ನ ಜೊತೆ ಒಂದೇ ಶಾಲೆಯಲ್ಲಿ ನಿವೃತ್ತಿಯವರೆಗೂ ಪಾಠ ಮಾಡಿದ, ಮದುವೆಯಾಗದ ಗೆಳತಿಯೊಬ್ಬರನ್ನು ತೀವ್ರ ಖಿನ್ನತೆಯ ಕಾರಣ ಬೇರೆ ಊರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಗಿ ಬಂದಾಗ, ದಾಖಲಾತಿ ಫಾರಂನಲ್ಲಿ 'ರೋಗಿಗೆ ಏನಾಗಬೇಕು' ಎಂಬಲ್ಲಿ ನಾನು ಸ್ನೇಹಿತೆ ಎಂದು ಬರೆದೆ. ಕೌಂಟರಿನ ಹುಡುಗ ಅದನ್ನು ಓದಿ ವಾಪಸು ಕೊಟ್ಟ. "ಸ್ನೇಹಿತೆ ಅಂದ್ರೆ ಆಗಲ್ಲ ಮೇಡಂ, ಸಂಬಂಧಿಕರು ಯಾರಾದ್ರೂ ಬಂದು ಸೈನ್ ಮಾಡ್ಬೇಕು" ಎಂದ. ಆಕೆ ದಿನವೂ ಯಾವ ಮಾತ್ರೆ ನುಂಗುತ್ತಾರೆ, ಎಷ್ಟು ರಾತ್ರಿ ನಿದ್ದೆ ಮಾಡಿಲ್ಲ, ಯಾವ ಮಾತಿಗೆ ಕುಸಿದು ಹೋಗುತ್ತಾರೆ ಎಂಬುದೆಲ್ಲ ನನಗೆ ಗೊತ್ತಿತ್ತು. ವರ್ಷಗಳಿಂದ ಮನೆ ಮೆಟ್ಟಿಲು ಹತ್ತದಿದ್ದ ಅಣ್ಣ ಸಂಜೆಯ ಬಸ್ಸಿಗೆ ಬಂದು, ಫಾರಂ ಓದದೆ ಸಹಿ ಹಾಕಿ, ರಾತ್ರಿಯ ಬಸ್ಸಿಗೆ ಹೊರಟುಹೋದರು. ಆ ಹುಡುಗನದೇನೂ ತಪ್ಪಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮಗೂ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಗೆಳತಿ ಆರೋಗ್ಯವಾಗಿದ್ದಾಗಲೇ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಹಾಕಿ ಬೀರುವಿನಲ್ಲಿ ಇಟ್ಟಿರುತ್ತಿದ್ದೆವು. ಈಗ ಅವರು ಗುಣಮುಖರಾಗಿದ್ದಾರೆ, ಮತ್ತು ಆ ನಾಲ್ಕು ಸಾಲು ಬರೆದಾಗಿದೆ.

ಆದಕಾರಣ ತಮ್ಮಲ್ಲಿ ಎರಡು ವಿನಂತಿ. ಒಂದು, ತಮ್ಮ ಆರೋಗ್ಯ ಪುಟದಲ್ಲಿ ಈ ನಾಮನಿರ್ದೇಶನವನ್ನು ಮಾಡುವುದು ಹೇಗೆ, ಯಾವಾಗ ಬೇಕಾದರೂ ಬದಲಿಸುವುದು ಹೇಗೆ, ನಿರಾಕರಿಸಿದರೆ ಎಲ್ಲಿ ದೂರು ಕೊಡಬೇಕು ಎಂಬುದನ್ನು ಬಲ್ಲವರಿಂದ ಬರೆಸಿ, ಒಂದು ಮಾದರಿ ಪತ್ರದ ಸಹಿತ ಪ್ರಕಟಿಸಬೇಕು. ಒಂಟಿಯಾಗಿ ಬದುಕುವ ಹೆಂಗಸರು, ವಿಧವೆಯರು, ಗಂಡನ ಮನೆಯಿಂದ ದೂರವಾದವರು, ಮಕ್ಕಳು ಹೊರದೇಶದಲ್ಲಿರುವ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಇವರಲ್ಲಿ ಎಷ್ಟೋ ಮಂದಿಗೆ ಕಷ್ಟಕಾಲಕ್ಕೆ ಮೊದಲು ಓಡಿಬರುವವರು ಪಕ್ಕದ ಮನೆಯವರೋ ಹಳೆಯ ಗೆಳತಿಯೋ ಆಗಿರುತ್ತಾರೆ. ಎರಡು, ಆಸ್ಪತ್ರೆಗಳ ದಾಖಲಾತಿ ಫಾರಂನಲ್ಲಿ ಸಂಬಂಧಿಕರ ಹೆಸರು ಕೇಳುವ ಮುನ್ನ 'ತಾವು ಪ್ರತಿನಿಧಿಯನ್ನು ಹೆಸರಿಸಿದ್ದೀರಾ' ಎಂಬ ಒಂದು ಸಾಲನ್ನು ಕನ್ನಡದಲ್ಲಿ ಸೇರಿಸುವಂತೆ ಆರೋಗ್ಯ ಇಲಾಖೆಯ ಗಮನವನ್ನು ತಮ್ಮ ಸಂಪಾದಕೀಯದ ಮೂಲಕ ಸೆಳೆಯಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೆಚ್ಚಿನ ಅನುದಾನವೂ ಬೇಕಿಲ್ಲ. ಮುಂದಿನ ಸಲ ಫಾರಂ ಅಚ್ಚು ಹಾಕಿಸುವಾಗ ನೆನಪಿಟ್ಟುಕೊಂಡರಾಯಿತು.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ತಿಪಟೂರು